ತಂಪು ಕೋಣೆ ಬೇಡವೆಂದ ಯಂತ್ರ

ಮಾರ್ಚ್ ತಿಂಗಳು ಕಳೆಯುವ ಹೊತ್ತಿಗೆ ಚಿತ್ರದುರ್ಗದ ಬಂಡೆಗಳು ಕಾಯತೊಡಗುತ್ತವೆ. ಹಗಲಿಡೀ ಹೀರಿಕೊಂಡ ಬಿಸಿಲನ್ನು ಅವು ರಾತ್ರಿ ಬಹಳ ಹೊತ್ತಿನವರೆಗೂ ಹೊರಗೆ ಬಿಡುತ್ತಲೇ ಇರುತ್ತವೆ. ಹಿರೇಗುಂಟನೂರು ಹೋಬಳಿಯ ಹಳ್ಳಿಗಳಲ್ಲಿ ಆ ದಿನಗಳಲ್ಲಿ ಮನುಷ್ಯ ಜಗಲಿಯ ನೆರಳು ಹುಡುಕುತ್ತಾನೆ, ದನಕರು ಬೇವಿನ ಮರದ ಕೆಳಗೆ ನಿಲ್ಲುತ್ತವೆ. ಆದರೆ ಅದೇ ಊರುಗಳಲ್ಲಿ ನೆರಳಿಗಾಗಿ ಮನುಷ್ಯನಿಗಿಂತ ಹೆಚ್ಚು ಹಂಬಲಿಸುವ ಇನ್ನೊಂದು ಜೀವವಿದೆ. ಜೀವವೆನ್ನುವುದು ತಪ್ಪಾದರೆ ಯಂತ್ರವೆನ್ನೋಣ. ಬ್ಯಾಂಕಿನ ಕಂಪ್ಯೂಟರ್, ಪಂಚಾಯಿತಿ ಕಚೇರಿಯ ಗಣಕ, ಊರಂಚಿನ ಮೊಬೈಲ್ ಗೋಪುರದ ಬುಡದಲ್ಲಿರುವ ಪೆಟ್ಟಿಗೆ, ಇವೆಲ್ಲ ವಿದ್ಯುತ್ತನ್ನು ತಿಂದು ಶಾಖವನ್ನು ಕಕ್ಕುವ ಸಾಧನಗಳು. ಆ ಶಾಖವನ್ನು ಹೊರಹಾಕದಿದ್ದರೆ ಅವು ಬಹುಕಾಲ ಬಾಳುವುದಿಲ್ಲ.

ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನ ಎಷ್ಟು ವಿದ್ಯುತ್ ಉಣ್ಣಬೇಕು, ಎಷ್ಟು ಶಾಖ ಬಿಡಬೇಕು, ಕೊನೆಗೆ ಎಷ್ಟು ಕಸವಾಗಬೇಕು ಎಂಬುದು ಇಂದು ಜಗತ್ತಿನ ದೊಡ್ಡ ಚರ್ಚೆ. ‘ಹಸಿರು ತಂತ್ರಜ್ಞಾನ’ ಎಂಬ ಹೆಸರಿನಲ್ಲಿ ಅದು ದೊಡ್ಡ ಊರುಗಳ ತಂಪು ಸಭಾಂಗಣಗಳಲ್ಲಿ ನಡೆಯುತ್ತಿದೆ. ಆದರೆ ಇದೇ ಪ್ರಶ್ನೆಯನ್ನು ನಮ್ಮವರು ನಾಲ್ಕು ದಶಕಗಳ ಹಿಂದೆಯೇ ಕೇಳಿಕೊಂಡಿದ್ದರು. ಅದಕ್ಕೊಂದು ಉತ್ತರವನ್ನೂ ಕಂಡುಕೊಂಡಿದ್ದರು. ಆ ಉತ್ತರ ಮೊದಲು ಪರೀಕ್ಷೆಗೆ ನಿಂತದ್ದು ಕರ್ನಾಟಕದ ಒಂದು ಸಣ್ಣ ಪಟ್ಟಣದಲ್ಲಿ. ಅದು ಹಸಿರಿನ ಹೆಸರು ಹೇಳಿಕೊಂಡು ಹುಟ್ಟಿದ್ದಲ್ಲ, ಬಡತನದಿಂದ ಹುಟ್ಟಿದ್ದು.

ಸಂದೇಶಕ್ಕೂ ಮೇವು ಬೇಕು

ಸುದ್ದಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬೇಕಾದರೆ ಯಾರಾದರೂ ಅದರ ಖರ್ಚು ಹೊರಲೇಬೇಕು. ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಡನೆ ಸೇರಿಹೋಯಿತು. ಅಷ್ಟು ಕಾಲವೂ ಅದನ್ನು ನಡೆಸಿದ ಇಂಧನ ಅಂಚೆಯಾಳಿನ ಕಾಲಿನ ಬಲವೇ. ಆಮೇಲೆ ಬಂದ ತಂತಿಗೆ ದ್ರಾವಣ ತುಂಬಿದ ಬ್ಯಾಟರಿ ಜಾಡಿಗಳು ಬೇಕಾದವು. ಹಳೆಯ ಕಾಲದ ಟೆಲಿಫೋನಿಗೆ ಒಂದು ಹಿಡಿಕೆಯಿತ್ತು. ಅದನ್ನು ಗರಗರನೆ ತಿರುಗಿಸಿದರೆ ಅತ್ತ ಕಡೆ ಗಂಟೆ ಬಾರಿಸುತ್ತಿತ್ತು. ಆ ಕರೆಗೆ ಬೇಕಾದ ವಿದ್ಯುತ್ತನ್ನು ಮಾತಾಡುವವನ ತೋಳೇ ಉತ್ಪಾದಿಸುತ್ತಿತ್ತು!

ಬಳಿಕ ಎಕ್ಸ್‌ಚೇಂಜಿನಲ್ಲಿಯೇ 48 ವೋಲ್ಟಿನ ದೊಡ್ಡ ಬ್ಯಾಟರಿಗಳನ್ನಿಟ್ಟು, ಎಲ್ಲ ಟೆಲಿಫೋನುಗಳಿಗೂ ತಂತಿಯ ಮೂಲಕವೇ ವಿದ್ಯುತ್ ಕಳಿಸುವ ಪದ್ಧತಿ ಬಂತು. ಊರಿನ ಕರೆಂಟು ಹೋದರೂ ಹಳೆಯ ಟೆಲಿಫೋನು ಸಾಯುತ್ತಿರಲಿಲ್ಲವೆಂದು ಹಿರಿಯರು ನೆನೆಯುವುದಕ್ಕೆ ಇದೇ ಕಾರಣ. 1948ರಲ್ಲಿ ಬೆಂಗಳೂರಿನ ಕೃಷ್ಣರಾಜಪುರದ ಬಳಿ ಆರಂಭವಾದ ಐಟಿಐ ಕಾರ್ಖಾನೆ ಮೊದಲು ತಯಾರಿಸಿದ್ದು ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳನ್ನು. ಅಮೆರಿಕದಲ್ಲಿ ಶವಸಂಸ್ಕಾರದ ವ್ಯಾಪಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತ 1891ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆ ಅದು. ನೀವು ಒಂದೊಂದು ಅಂಕಿ ತಿರುಗಿಸಿದಾಗಲೂ ಅಲ್ಲಿ ಲೋಹದ ಕೈಗಳು ಟಕಟಕನೆ ಮೇಲೇರಿ ಪಕ್ಕಕ್ಕೆ ಹೊರಳುತ್ತಿದ್ದವು. ದೊಡ್ಡ ಕೋಣೆಗಳನ್ನೇ ನುಂಗುತ್ತಿದ್ದ ಈ ಯಂತ್ರಗಳಿಗೆ ಧೂಳೆಂದರೆ ಆಗದು, ಸದಾ ಆರೈಕೆ ಬೇಕು. ಆದರೆ ಸೆಖೆಗೆ ಅವು ಅಷ್ಟಾಗಿ ಅಂಜುತ್ತಿರಲಿಲ್ಲ.

ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದಾಗ ಕತೆ ತಿರುವುಮುರುವಾಯಿತು. ಕೋಣೆಯಷ್ಟಿದ್ದ ಯಂತ್ರ ಬೀರುವಿನಷ್ಟಾಯಿತು, ಸದ್ದು ನಿಂತಿತು, ಸವೆಯುವ ಭಾಗಗಳು ಮಾಯವಾದವು. ಆದರೆ ಸಿಲಿಕಾನ್ ಚಿಪ್ಪಿನೊಳಗೆ ಲಕ್ಷಾಂತರ ಬಾರಿ ಹೊತ್ತಿ ಆರುವ ಪುಟ್ಟ ಸ್ವಿಚ್ಚುಗಳು ಪ್ರತಿಸಲವೂ ಒಂದಿಷ್ಟು ಶಾಖ ಬಿಡುತ್ತವೆ. ಇಕ್ಕಟ್ಟಾದ ಜಾಗದಲ್ಲಿ ಆ ಶಾಖ ಕೂಡಿಬಿದ್ದರೆ ಚಿಪ್ಪು ಮುಪ್ಪಾಗುತ್ತದೆ, ಲೆಕ್ಕ ತಪ್ಪುತ್ತದೆ, ಕೊನೆಗೆ ಕೆಡುತ್ತದೆ. ಆದ್ದರಿಂದ ಪಶ್ಚಿಮದ ದೇಶಗಳಲ್ಲಿ ರೂಪುಗೊಂಡ ದೊಡ್ಡ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಕಡ್ಡಾಯವಾಗಿತ್ತು.

ಇದರ ಪರಿಣಾಮವನ್ನು ಓದುಗರು ಒಂದು ಕ್ಷಣ ಯೋಚಿಸಿ ನೋಡಬೇಕು. ಯಂತ್ರಕ್ಕೆ ವಿದ್ಯುತ್ ಬೇಕು. ಯಂತ್ರವನ್ನು ತಂಪಾಗಿಡುವ ಯಂತ್ರಕ್ಕೆ ಮತ್ತಷ್ಟು ವಿದ್ಯುತ್ ಬೇಕು. ಹಳ್ಳಿಯಲ್ಲಿ ಕರೆಂಟು ಹೋಗಿ ಬಂದು ಮಾಡುವುದರಿಂದ ಎರಡಕ್ಕೂ ಸೇರಿ ಡೀಸೆಲ್ ಜನರೇಟರ್ ಬೇಕು. ಜನರೇಟರಿಗೆ ಡೀಸೆಲ್ ಸಾಗಿಸಲು ಜೀಪು ಬೇಕು. ಹೊರೆ ಹೊರಲು ಒಂದು ಕತ್ತೆ, ಆ ಕತ್ತೆಯ ಮೇವು ಹೊರಲು ಇನ್ನೊಂದು ಕತ್ತೆ ಎಂಬಂತೆ ಈ ಸರಪಳಿ ಬೆಳೆಯುತ್ತದೆ. ಎಂಬತ್ತು ನೂರು ಟೆಲಿಫೋನುಗಳಿಗಾಗಿ ಇಷ್ಟೆಲ್ಲ ಖರ್ಚು ಮಾಡಲು ಯಾವ ಇಲಾಖೆಯೂ ಒಪ್ಪದು. ಹೀಗಾಗಿ ಹಳ್ಳಿಗೆ ಟೆಲಿಫೋನ್ ಬಾರದಿರಲು ತಂತಿಯ ಕೊರತೆಯಷ್ಟೇ ಈ ಶಾಖವೂ ಕಾರಣವಾಗಿತ್ತು.

ಮೂವತ್ತಾರು ತಿಂಗಳು, ಮೂವತ್ತಾರು ಕೋಟಿ

1980ರ ದಶಕದ ಆರಂಭದಲ್ಲಿ ಎಪ್ಪತ್ತು ಕೋಟಿ ಜನರಿದ್ದ ದೇಶದಲ್ಲಿ ಮೂವತ್ತು ಲಕ್ಷ ಟೆಲಿಫೋನುಗಳೂ ಇರಲಿಲ್ಲ. ಇದ್ದವುಗಳಲ್ಲಿ ಹೆಚ್ಚಿನವು ನಗರಗಳಲ್ಲಿ. ಹಳ್ಳಿಯವನು ಟ್ರಂಕ್ ಕಾಲ್ ಮಾಡಬೇಕೆಂದರೆ ದೊಡ್ಡ ಊರಿನ ಅಂಚೆ ಕಚೇರಿಗೆ ಹೋಗಿ, ಹೆಸರು ಬರೆಸಿ, ಗಂಟೆಗಟ್ಟಲೆ ಕಾದು, ಸಿಕ್ಕಾಗ ಗಂಟಲು ಕಿತ್ತುಹೋಗುವಂತೆ ಕೂಗಬೇಕಾಗಿತ್ತು. ಭೀಮಸಮುದ್ರದ ಅಡಿಕೆ ಬೆಳೆಗಾರನಾಗಲಿ ಹಿರಿಯೂರಿನ ರೈತನಾಗಲಿ ಪೇಟೆಯ ಧಾರಣೆ ತಿಳಿಯಬೇಕಾದರೆ ಪೇಟೆಗೇ ಹೋಗಬೇಕಿತ್ತು, ಇಲ್ಲವೇ ಮಧ್ಯವರ್ತಿಯ ಮಾತನ್ನು ನಂಬಬೇಕಿತ್ತು.

1984ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ‘ಸಿ-ಡಾಟ್’ ಎಂಬ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಅಮೆರಿಕದಲ್ಲಿ ಟೆಲಿಫೋನ್ ತಂತ್ರಜ್ಞನಾಗಿ ಹೆಸರು ಮಾಡಿದ್ದ, ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ ಬೆಳೆದ ಸ್ಯಾಮ್ ಪಿತ್ರೋಡಾ ಇದರ ಹಿಂದಿನ ಪ್ರೇರಕ ಶಕ್ತಿ. ಜಿ.ಬಿ. ಮೀಮಾಂಸಿ ಅದರ ಕಾರ್ಯನಿರ್ವಾಹಕ ನಿರ್ದೇಶಕರಾದರು. ಸರಕಾರ ಕೊಟ್ಟದ್ದು 36 ಕೋಟಿ ರೂಪಾಯಿ ಮತ್ತು 36 ತಿಂಗಳ ಗಡುವು. ದೆಹಲಿ ಮತ್ತು ಬೆಂಗಳೂರುಗಳಲ್ಲಿ ಕೆಲಸ ಶುರುವಾಯಿತು. ಸೇರಿದವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದ ಯುವ ಎಂಜಿನಿಯರುಗಳು.

ಅವರು ಮೊದಲು ಗಮನಿಸಿದ ಸಂಗತಿಗಳು ತೀರ ಸಾಮಾನ್ಯವಾದವು. ಭಾರತದಲ್ಲಿ ಟೆಲಿಫೋನುಗಳು ಕಡಿಮೆ, ಆದರೆ ಒಂದೊಂದು ಟೆಲಿಫೋನನ್ನೂ ಹತ್ತಾರು ಜನ ಬಳಸುತ್ತಾರೆ. ಪಶ್ಚಿಮದ ಮನೆಯ ಟೆಲಿಫೋನು ದಿನದ ಬಹುಪಾಲು ಸುಮ್ಮನೆ ಕುಳಿತಿದ್ದರೆ ಇಲ್ಲಿನದಕ್ಕೆ ಬಿಡುವೇ ಇಲ್ಲ. ಇಲ್ಲಿ ಧೂಳಿದೆ, ಬಿಸಿಲಿದೆ, ಮಳೆಗಾಲದ ತೇವವಿದೆ. ಕರೆಂಟು ನಂಬುವಂತಿಲ್ಲ. ಹಳ್ಳಿಯಲ್ಲಿ ಪರಿಣತ ಎಂಜಿನಿಯರ್ ಸಿಗುವುದಿಲ್ಲ. ಈ ಕೊರತೆಗಳನ್ನು ಹೊರಗಿನಿಂದ ಸರಿಪಡಿಸಲು ಹೋಗದೆ, ಅವನ್ನೇ ಯಂತ್ರದ ವಿನ್ಯಾಸದ ಷರತ್ತುಗಳನ್ನಾಗಿ ಅವರು ಇಟ್ಟುಕೊಂಡರು. ಊರನ್ನು ಯಂತ್ರಕ್ಕೆ ಹೊಂದಿಸುವುದಲ್ಲ, ಯಂತ್ರವನ್ನು ಊರಿಗೆ ಹೊಂದಿಸುವುದು ಅವರ ದಾರಿಯಾಯಿತು.

ಕಿತ್ತೂರಿನ ಪೆಟ್ಟಿಗೆ

ಹೀಗೆ ಸಿದ್ಧವಾದದ್ದು 128 ಕೊಂಡಿಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್. ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಜನ ಅದನ್ನು ‘ರ್‍ಯಾಕ್ಸ್’ ಎಂದರು. ಅದರಲ್ಲಿ ಕೆಲವು ಕೊಂಡಿಗಳು ಹೊರಊರಿನ ಸಂಪರ್ಕಕ್ಕೆ, ಉಳಿದವು ಊರೊಳಗಿನ ಟೆಲಿಫೋನುಗಳಿಗೆ. ಈ ಯಂತ್ರದ ಮೊದಲ ಮಾದರಿ 1986ರಲ್ಲಿ ಕೆಲಸ ಆರಂಭಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. 1824ರಲ್ಲಿ ರಾಣಿ ಚೆನ್ನಮ್ಮನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಎದುರಿಸಿ ನಿಂತ ಊರು ಅದು.

ಆ ಪೆಟ್ಟಿಗೆಯ ವಿಶೇಷ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಅದಕ್ಕೆ ತಂಪು ಕೋಣೆ ಬೇಕಿರಲಿಲ್ಲ. ಒಂದು ಸಾಧಾರಣ ಕಟ್ಟಡ, ಒಂದು ಬ್ಯಾಟರಿ ಸಾಲು, ಅದನ್ನು ತುಂಬಲು ಒಂದಿಷ್ಟು ಕರೆಂಟು ಇದ್ದರೆ ಸಾಕಿತ್ತು. ಕಡಿಮೆ ವಿದ್ಯುತ್ ಬಳಸುವ ಚಿಪ್ಪುಗಳನ್ನು ಆರಿಸಿದ್ದರಿಂದ ಶಾಖ ಹುಟ್ಟುವುದೇ ಕಡಿಮೆಯಾಯಿತು. ಹುಟ್ಟಿದ ಶಾಖ ಮೇಲೇರಿ ತಾನಾಗಿಯೇ ಹೊರಬೀಳುವಂತಿತ್ತು. ಬಿಸಿಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತದೆ ಎಂಬ, ನಮ್ಮ ಅಡುಗೆಮನೆಯ ಬೆಳಕಿಂಡಿಗೂ ಗೊತ್ತಿರುವ ತತ್ವವೇ ಇಲ್ಲೂ ಕೆಲಸ ಮಾಡಿತು. ಮುಖ್ಯ ನಿಯಂತ್ರಣ ಭಾಗಗಳು ಜೋಡಿಯಾಗಿದ್ದವು. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತಿತ್ತು. ಕೆಟ್ಟ ಕಾರ್ಡನ್ನು ಎಳೆದು ತೆಗೆದು ಬೇರೊಂದನ್ನು ಸಿಕ್ಕಿಸಲು ದೊಡ್ಡ ಪದವಿ ಬೇಕಿರಲಿಲ್ಲ, ಸ್ವಲ್ಪ ತರಬೇತಿ ಸಾಕಿತ್ತು.

ಇಲ್ಲಿ ಉಳಿತಾಯದ ಒಂದು ಗುಟ್ಟಿದೆ. ಯಂತ್ರದ ಒಳಗೆ ಒಂದು ವ್ಯಾಟ್ ಉಳಿಸಿದರೆ ಉಳಿಯುವುದು ಆ ಒಂದು ವ್ಯಾಟ್ ಮಾತ್ರವಲ್ಲ. ಅದನ್ನು ತಂಪುಮಾಡುವ ಖರ್ಚು ಉಳಿಯುತ್ತದೆ, ಬ್ಯಾಟರಿ ಚಿಕ್ಕದಾಗುತ್ತದೆ, ಜನರೇಟರಿನ ಅಗತ್ಯ ತಪ್ಪುತ್ತದೆ. ಮೂಲದಲ್ಲಿ ಮಾಡಿದ ಸಣ್ಣ ಉಳಿತಾಯ ಕೊನೆಗೆ ಹಲವು ಪಟ್ಟಾಗುತ್ತದೆ. ಇಂದು ಜಗತ್ತಿನ ದೊಡ್ಡ ದತ್ತಾಂಶ ಕೇಂದ್ರಗಳ ಎಂಜಿನಿಯರುಗಳು ಪಠಿಸುವ ಮಂತ್ರವೂ ಇದೇ.

ವಿನ್ಯಾಸವನ್ನು ಸಿ-ಡಾಟ್ ಐಟಿಐಗೂ ಹಲವು ಖಾಸಗಿ ತಯಾರಕರಿಗೂ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ರ್‍ಯಾಕ್ಸ್‌ಗಳು ದೇಶದ ಹಳ್ಳಿಗಳನ್ನು ಸೇರಿದವು. ರಸ್ತೆಬದಿಯ ಹಳದಿ ಫಲಕದ ಎಸ್‌ಟಿಡಿ ಬೂತುಗಳು ನಗರವನ್ನು ದಾಟಿ ಹೋಬಳಿ ಕೇಂದ್ರಗಳಿಗೆ ಬಂದುದರಲ್ಲಿ ಈ ಎಕ್ಸ್‌ಚೇಂಜುಗಳ ಪಾಲು ದೊಡ್ಡದು. ದುಬೈಗೋ ಮುಂಬಯಿಗೋ ಹೋದ ಮಗನ ದನಿ ಕೇಳಲು ತಾಯಿ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದ ಕಾಲ ಮುಗಿಯಿತು.

ಹೊಗಳಿಕೆಗೂ ಒಂದು ಮಿತಿ

ಹಾಗೆಂದು ಎಲ್ಲವೂ ಸುಗಮವಾಗಿತ್ತೆಂದಲ್ಲ. ದೊಡ್ಡ ನಗರಗಳಿಗೆಂದು ಸಿ-ಡಾಟ್ ಮಾಡಹೊರಟ ಎಕ್ಸ್‌ಚೇಂಜ್ ಗಡುವು ಮೀರಿತು, ಟೀಕೆಗಳು ಬಂದವು. ಹಳ್ಳಿಯ ರ್‍ಯಾಕ್ಸ್‌ಗೂ ಶತ್ರುಗಳಿದ್ದರು. ಯಂತ್ರವೇನೋ ಸ್ವಲ್ಪವೇ ಉಣ್ಣುತ್ತಿತ್ತು, ಆದರೆ ಆ ಸ್ವಲ್ಪವೂ ಸಿಗದಿದ್ದಾಗ ಬ್ಯಾಟರಿ ಬರಿದಾಗುತ್ತಿತ್ತು. ಸರಿಯಾಗಿ ತುಂಬದೆ ಬರಿದಾಗುತ್ತಲೇ ಇದ್ದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಸಿಡಿಲು ಬಡಿದರೆ ಕಾರ್ಡುಗಳು ಸುಡುತ್ತಿದ್ದವು.

ಎಕ್ಸ್‌ಚೇಂಜಿಗೂ ದೂರವಾದ ಹಳ್ಳಿಗಳಿಗೆ ರೇಡಿಯೊ ಮೂಲಕ ಸಂಪರ್ಕ ಕೊಡುವ ಒಂದು ವ್ಯವಸ್ಥೆಯನ್ನೂ ತರಲಾಯಿತು. ಅದರ ಹಳ್ಳಿ ತುದಿಗೆ ಸೂರ್ಯಫಲಕ ಜೋಡಿಸಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಹಸಿರು ಟೆಲಿಫೋನ್. ಆದರೆ ಆ ‘ಮಾರ್’ ಟೆಲಿಫೋನುಗಳು ಮಾತಾಡಿದ ದಿನಗಳಿಗಿಂತ ಮೌನವಾಗಿದ್ದ ದಿನಗಳೇ ಹೆಚ್ಚೆಂಬ ಹೆಸರು ಪಡೆದವು. ಮುಂದೆ ಬೇರೆ ತಂತ್ರಜ್ಞಾನಕ್ಕೆ ಅವು ಜಾಗ ಬಿಟ್ಟುಕೊಟ್ಟವು. ಮೇಲೆ ಸೂರ್ಯಫಲಕ ಹೊದಿಸಿದ ಮಾತ್ರಕ್ಕೆ ಯಂತ್ರ ಬಾಳುವುದಿಲ್ಲ. ಫಲಕದ ಧೂಳು ಒರೆಸುವವರು, ಬ್ಯಾಟರಿ ನೋಡಿಕೊಳ್ಳುವವರು, ಕೆಟ್ಟಾಗ ಬಂದು ರಿಪೇರಿ ಮಾಡುವವರು ಹತ್ತಿರದಲ್ಲಿರಬೇಕು. ಅಂಥ ಜನರ ವ್ಯವಸ್ಥೆಯೂ ತಂತ್ರಜ್ಞಾನದ ಭಾಗವೇ ಎಂಬುದು ಅಂದು ಕಲಿತ ಕಹಿಪಾಠ.

ಮೂರು ಶೆಲ್ಲಿನ ಗಣಕ

ಹತ್ತು ಹನ್ನೆರಡು ವರ್ಷಗಳ ನಂತರ ಅದೇ ಯೋಚನೆ ಬೆಂಗಳೂರಿನಲ್ಲಿ ಇನ್ನೊಂದು ರೂಪದಲ್ಲಿ ತಲೆಯೆತ್ತಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರು ಎನ್‌ಕೋರ್ ಎಂಬ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿದರು. 1998ರಲ್ಲಿ ಮೊಳೆತ ಈ ಕಲ್ಪನೆಯ ಮೊದಲ ಮಾದರಿ 2001ರ ಏಪ್ರಿಲಿನಲ್ಲಿ ಹೊರಬಂತು. ಕರೆಂಟಿಲ್ಲದ ಊರಿನಲ್ಲೂ ನಡೆಯಬೇಕೆಂದು ಅದನ್ನು ಅಂಗಡಿಯಲ್ಲಿ ಸಿಗುವ ಮೂರು ಸಣ್ಣ ಶೆಲ್ಲುಗಳಿಂದ ಓಡುವಂತೆ ಮಾಡಿದ್ದರು. ಓದಲು ಬಾರದವರಿಗಾಗಿ ಅದು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವಂತಿತ್ತು. ಒಬ್ಬೊಬ್ಬರಿಗೆ ಒಂದೊಂದು ಬೇಡ, ಊರಿಗೊಂದಿದ್ದರೆ ಸಾಕು ಎಂಬುದು ಅದರ ಇನ್ನೊಂದು ಆಶಯ. ಪ್ರತಿಯೊಬ್ಬರೂ ತಮ್ಮದೇ ಸ್ಮಾರ್ಟ್ ಕಾರ್ಡ್ ತೂರಿಸಿ ಒಂದೇ ಯಂತ್ರವನ್ನು ಸರದಿಯಲ್ಲಿ ಬಳಸಬಹುದಿತ್ತು. ಯಂತ್ರಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದಕ್ಕಿಂತ ದೊಡ್ಡ ಉಳಿತಾಯ ಯಾವುದಿದೆ?

ಅದರೊಳಗಿದ್ದ ಚಿಪ್ಪಿನ ಹುಟ್ಟಿನ ಕತೆಯೂ ಇದಕ್ಕೆ ಹೊಂದಿಕೊಳ್ಳುತ್ತದೆ. ಸಿಂಪ್ಯೂಟರಿನ ಮಿದುಳು ‘ಆರ್ಮ್’ ಎಂಬ ವಂಶಕ್ಕೆ ಸೇರಿದ್ದು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಏಕಾರ್ನ್ ಎಂಬ ಸಣ್ಣ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1985ರಲ್ಲಿ ಅದರ ಮೊದಲ ಚಿಪ್ಪು ಮಾಡಿದರು. ದುಬಾರಿ ಹೊದಿಕೆ ಕೊಳ್ಳಲು ಹಣವಿಲ್ಲದ್ದರಿಂದ ಅಗ್ಗದ ಪ್ಲಾಸ್ಟಿಕ್ ಹೊದಿಕೆ ಬಳಸಬೇಕಿತ್ತು. ಅದು ಹೆಚ್ಚು ಶಾಖ ತಾಳದು. ಆದ್ದರಿಂದ ಚಿಪ್ಪು ಕಡಿಮೆ ವಿದ್ಯುತ್ ಬಳಸಲೇಬೇಕಿತ್ತು. ಮೊದಲ ಚಿಪ್ಪನ್ನು ಪರೀಕ್ಷಿಸುವಾಗ ಫರ್ಬರ್ ಮಾಪಕ ನೋಡಿದರೆ ಅದು ಸೊನ್ನೆ ತೋರಿಸುತ್ತಿತ್ತಂತೆ. ವಿದ್ಯುತ್ ತಂತಿ ಜೋಡಿಸುವುದೇ ತಪ್ಪಿಹೋಗಿತ್ತು. ಸಂಕೇತದ ತಂತಿಗಳಿಂದ ಒಳಗೆ ಸೋರಿದಷ್ಟು ವಿದ್ಯುತ್ತಿನಲ್ಲೇ ಆ ಚಿಪ್ಪು ಲೆಕ್ಕ ಮಾಡುತ್ತಿತ್ತು! ಇಂದು ನಮ್ಮ ಜೇಬಿನಲ್ಲಿರುವ ಬಹುತೇಕ ಎಲ್ಲ ಮೊಬೈಲುಗಳಲ್ಲೂ ಇದೇ ವಂಶದ ಚಿಪ್ಪುಗಳಿವೆ. ಕಿತ್ತೂರಿನಲ್ಲೂ ಕೇಂಬ್ರಿಡ್ಜಿನಲ್ಲೂ ಮಿತವ್ಯಯವನ್ನು ಕಲಿಸಿದ ಗುರು ಒಬ್ಬನೇ, ಕೈಯಲ್ಲಿ ಹಣವಿಲ್ಲದಿರುವುದು.

2004ರಲ್ಲಿ ಬೆಂಗಳೂರಿನ ಬಿಇಎಲ್ ತಯಾರಿಸಿದ ‘ಅಮಿದಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ನಿರೀಕ್ಷೆಗಿಂತ ಹೆಚ್ಚಾಯಿತು. ಅಷ್ಟರಲ್ಲಿ ಅಗ್ಗದ ಮೊಬೈಲ್ ಹಳ್ಳಿಯ ಬಾಗಿಲಿಗೆ ಬಂದಿತ್ತು. ಹಂಚಿಕೊಳ್ಳುವ ಯಂತ್ರವನ್ನು ಸ್ವಂತದ ಯಂತ್ರ ಸೋಲಿಸಿತು.

ಗೋಪುರದ ಬುಡದ ಡೀಸೆಲ್

ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಮುಂದಿನ ಹದಿನೈದು ವರ್ಷಗಳಲ್ಲಿ ಗೋಪುರಗಳು ಊರೂರಿಗೆ ಬಂದವು. ಟೆಲಿಫೋನ್ ಇಲ್ಲದ ಮನೆಯೇ ಇಲ್ಲವೆನ್ನುವ ಸ್ಥಿತಿ ಬಂದದ್ದು ದೊಡ್ಡ ಸಾಧನೆಯೇ ಸರಿ. ಆದರೆ ಕಿತ್ತೂರಿನಲ್ಲಿ ಕಲಿತದ್ದನ್ನು ಈ ಅವಸರದಲ್ಲಿ ಮರೆತೆವು. ಗೋಪುರದ ಬುಡದಲ್ಲಿ ಹವಾನಿಯಂತ್ರಿತ ಗೂಡು, ಪಕ್ಕದಲ್ಲಿ ಡೀಸೆಲ್ ಜನರೇಟರ್, ಹೀಗೆ ಹಳೆಯ ಸರಪಳಿಯೇ ಮರಳಿ ಬಂತು. ದೇಶದ ಗೋಪುರಗಳು ವರ್ಷಕ್ಕೆ ಸುಮಾರು 200 ಕೋಟಿ ಲೀಟರ್ ಡೀಸೆಲ್ ಸುಡುತ್ತವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2011ರಲ್ಲಿ ಅಂದಾಜು ಮಾಡಿತು. ಮರುವರ್ಷ ಸರಕಾರ ಒಂದು ಆದೇಶ ಹೊರಡಿಸಿತು. 2015ರ ವೇಳೆಗೆ ಗ್ರಾಮೀಣ ಗೋಪುರಗಳಲ್ಲಿ ಅರ್ಧದಷ್ಟು, ನಗರದ ಗೋಪುರಗಳಲ್ಲಿ ಶೇಕಡಾ 20ರಷ್ಟು ಗ್ರಿಡ್ ವಿದ್ಯುತ್ತಿನ ಜೊತೆಗೆ ಸೂರ್ಯ, ಗಾಳಿಯಂಥ ಮೂಲಗಳಿಂದಲೂ ನಡೆಯಬೇಕೆಂಬುದು ಅದರ ತಿರುಳು. ತಯಾರಕರೂ ಎಚ್ಚೆತ್ತರು. ಬಯಲಿನಲ್ಲೇ ನಿಲ್ಲಬಲ್ಲ, ತಂಪು ಗೂಡು ಬೇಡದ ಪೆಟ್ಟಿಗೆಗಳು ಬಂದವು. ಅಂದರೆ ಸುತ್ತಿ ಸುತ್ತಿ ಕಿತ್ತೂರಿಗೇ ಬಂದು ನಿಂತಂತಾಯಿತು.

ಈಗ ಹೊರೆ ಇನ್ನೊಂದು ಕಡೆಗೆ ಜಾರಿದೆ. ನಮ್ಮ ಕೈಯಲ್ಲಿರುವ ಫೋನು ಉಣ್ಣುವುದು ಅತ್ಯಲ್ಪ. ಆದರೆ ನಾವು ನೋಡುವ ಚಿತ್ರ, ಕೇಳುವ ಪ್ರಶ್ನೆ, ಕಳಿಸುವ ಶುಭಾಶಯ ಎಲ್ಲವೂ ದೂರದ ಯಾವುದೋ ದತ್ತಾಂಶ ಕೇಂದ್ರವನ್ನು ಹಾದುಬರುತ್ತವೆ. 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್, ಜಗತ್ತಿನ ಒಟ್ಟು ಬಳಕೆಯ ಸುಮಾರು ಶೇಕಡಾ 1.5 ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಕೃತಕ ಬುದ್ಧಿಮತ್ತೆಯ ಭರಾಟೆಯಲ್ಲಿ ಇದು ಇನ್ನೂ ಏರುತ್ತಿದೆ.

1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಇಂಥದ್ದೊಂದು ವಿಚಿತ್ರವನ್ನು ಗುರುತಿಸಿದ್ದ. ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ನಡೆಯುವಂತಾದಾಗ ದೇಶದ ಕಲ್ಲಿದ್ದಲು ಖರ್ಚು ಇಳಿಯಲಿಲ್ಲ, ಏರಿತು. ಯಂತ್ರ ಅಗ್ಗವಾದಷ್ಟೂ ಜನ ಅದನ್ನು ಹೆಚ್ಚು ಬಳಸಿದರು. ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹನಿ ನೀರಾವರಿಯಲ್ಲಿ ಉಳಿದ ನೀರಿಗೆ ಇನ್ನೆರಡು ಎಕರೆ ಅಡಿಕೆ ಹಾಕಿದರೆ ಕೊಳವೆಬಾವಿಗೆ ಉಳಿಯುವುದೇನು? ಮಿತವಾಗಿ ನಡೆಯುವ ಯಂತ್ರದ ಜೊತೆಗೆ ಮಿತವಾದ ಬಳಕೆಯೂ ಸೇರಿದಾಗ ಮಾತ್ರ ಉಳಿತಾಯ ಉಳಿತಾಯವಾಗಿಯೇ ಉಳಿಯುತ್ತದೆ.

ಕಸದ ಲೆಕ್ಕವೂ ಇದೆ. 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನಾಲ್ಕನೇ ಒಂದು ಪಾಲಿಗಿಂತಲೂ ಕಡಿಮೆ ಎಂದು ವಿಶ್ವಸಂಸ್ಥೆಯ ವರದಿ ಹೇಳಿದೆ. ದೇಶದಲ್ಲಿ ಈ ಕಸವನ್ನು ಅಧಿಕೃತವಾಗಿ ಸಂಸ್ಕರಿಸುವ ಮೊದಲ ಘಟಕ ಆರಂಭವಾದದ್ದು ಕರ್ನಾಟಕದಲ್ಲೇ, 2005ರಲ್ಲಿ ದಾಬಸ್‌ಪೇಟೆಯಲ್ಲಿ. ಆದರೆ ಸಂಸ್ಕರಣೆಗಿಂತ ದೊಡ್ಡ ಉಪಾಯ ಇನ್ನೊಂದಿದೆ. ಒಂದು ಮೊಬೈಲ್ ತನ್ನ ಬಾಳಿನಲ್ಲಿ ಪರಿಸರಕ್ಕೆ ಹೊರಿಸುವ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಅದರ ತಯಾರಿಕೆಯಲ್ಲೇ ಮುಗಿದಿರುತ್ತದೆ. ಎರಡು ವರ್ಷಕ್ಕೆ ಎಸೆಯುವುದನ್ನು ನಾಲ್ಕು ವರ್ಷ ಬಳಸಿದರೆ ಆ ಹೊರೆ ಅರ್ಧಕ್ಕಿಳಿದಂತೆ. ಈ ಲೆಕ್ಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ, ಪ್ರತಿ ತಾಲ್ಲೂಕು ಪಟ್ಟಣದ ಬಸ್ ನಿಲ್ದಾಣದ ಬಳಿಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗನೂ ಪರಿಸರ ಸಂರಕ್ಷಕನೇ.

ಯಾರ ಗಾಳಿ, ಯಾರ ತಂಪು

ಇಂದು ಚಿತ್ರದುರ್ಗದ ಬೆಟ್ಟಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿವೆ. ಪಕ್ಕದ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ವಿದ್ಯುತ್ತಿನ ಉದ್ಯಾನವಿದೆ. ಬರದ ಸೀಮೆಯೆಂದು ಹೆಸರಾದ ನೆಲದ ಬಿಸಿಲು ಮತ್ತು ಗಾಳಿ ಈಗ ಗ್ರಿಡ್ ಸೇರಿ ನಗರದ ತಂಪು ಕೋಣೆಗಳನ್ನೂ ನಡೆಸುತ್ತಿವೆ. ಆದರೆ ಹಸಿರು ವಿದ್ಯುತ್ತಿಗೂ ನೆಲ ಬೇಕು, ಬೆಟ್ಟ ಬೇಕು, ಹುಲ್ಲುಗಾವಲು ಬೇಕು. ಅದೂ ಪುಕ್ಕಟೆಯಲ್ಲ. ಉಳಿಸಿದ ಯೂನಿಟ್ಟಿನಷ್ಟು ಹಸಿರಾದ ಯೂನಿಟ್ ಬೇರೊಂದಿಲ್ಲ.

ಲೆಕ್ಕವಿಟ್ಟು ಬದುಕುವುದನ್ನು ಈ ಜಿಲ್ಲೆಗೆ ಹೊರಗಿನವರು ಕಲಿಸಬೇಕಾಗಿಲ್ಲ. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ನಡುವಿನ 89 ವರ್ಷಗಳೂ ಇದ್ದ ನೀರನ್ನೇ ಅಳೆದು ಸುರಿದು ಬದುಕಿದ ಜನ ಇವರು. ಕಿತ್ತೂರಿನಲ್ಲಿ ನಿಂತ ಆ ಪೆಟ್ಟಿಗೆಯನ್ನು ರೂಪಿಸಿದವರೂ ಹೀಗೆಯೇ ಇದ್ದುದರಲ್ಲಿ ಲೆಕ್ಕ ಹಾಕಿದ್ದರು. ರ್‍ಯಾಕ್ಸ್‌ಗಳ ಕಾಲ ಈಗ ಮುಗಿದಿದೆ. ಅವುಗಳ ಕಾರ್ಡುಗಳು ಗುಜರಿ ಸೇರಿವೆ. ಆದರೆ ಅವು ಕೇಳಿದ ಪ್ರಶ್ನೆ ಗುಜರಿಗೆ ಹೋಗಿಲ್ಲ. ಊರಿಗೊಂದು ಹೊಸ ಯಂತ್ರ ಬಂದಾಗಲೆಲ್ಲ ಅದೇನು ಮಾಡಬಲ್ಲದೆಂದು ಕೇಳುವುದರ ಜೊತೆಗೆ, ಅದೆಷ್ಟು ಉಣ್ಣುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ಯಾರು, ಸತ್ತ ಮೇಲೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು. ಮನೆಗೆ ಎತ್ತು ತರುವಾಗ ನಮ್ಮ ಹಿರಿಯರು ಅದರ ದುಡಿಮೆಯ ಜೊತೆಗೆ ಮೇವಿನ ಲೆಕ್ಕವನ್ನೂ ಹಾಕುತ್ತಿದ್ದರು. ಯಂತ್ರಕ್ಕೂ ಅದೇ ಲೆಕ್ಕ ಸಲ್ಲುತ್ತದೆ.